ರೆನಾಳ ಎರಡನೇ ಪಿಸ್ತೂಲು

ಬೆಳಗಿನ ಮಕ್ಕಳನ್ನೆಲ್ಲ ಶಾಲೆಗೆ ಇಳಿಸಿ, ಬಸ್ಸನ್ನು ಶೆಡ್ಡಿಗೆ ಬಿಟ್ಟು, ಲೊರೀನ್ ಹ್ಯಾಸ್ಕೆಟ್ ಮನೆಗೆ ಹೋಗದೆ ನೇರ ಹೋಬರ್ಟ್ ಸ್ಟಾಂಪರನ ಬಂದೂಕಿನ ಅಂಗಡಿಗೆ ಬಂದಳು. ಕ್ರಿಸ್‌ಮಸ್ಸಿಗೆ ಇನ್ನು ಎಂಟು ದಿನವಿತ್ತು. ವೆಸ್ಟ್ ವರ್ಜೀನಿಯಾದ ಆ ಬೆಟ್ಟದ ದಾರಿಗಳಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಸಾಲದ್ದಕ್ಕೆ ಅಕ್ಟೋಬರಿನಿಂದ ಸರಿಯಾಗಿ ನಿದ್ದೆಯೂ ಇಲ್ಲ.

ಹೋಬರ್ಟ್ ಹಿಂದೆ ಶೆರಿಫರ ಕೈಕೆಳಗೆ ಪೊಲೀಸನಾಗಿದ್ದವನು, ಈಗ ಎಪ್ಪತ್ತನಾಲ್ಕರ ಮುದುಕ. ಗಲ್ಲಾದ ಮೇಲೆ ಬಣ್ಣದ ದೀಪದ ಸರ ಎಳೆದಿದ್ದ. ಅದರಲ್ಲಿ ಅರ್ಧ ಉರಿಯುತ್ತಿರಲಿಲ್ಲ. ಅವಳ ಮುಖ ನೋಡಿದವನೇ ಕುರ್ಚಿ ಎಳೆದು ಕಾಫಿ ಬಗ್ಗಿಸಿದ.

"ಕೂತ್ಕೋ ಲೊರೀನ್. ನೀನು ಈ ಕಡೆ ಬರೋಳಲ್ಲ. ಜಿಂಕೆ ಬೇಟೆ ಕಾಲ ಬೇರೆ ಮುಗೀತು."

"ರೆನಾಗೆ ಒಂದು ಬೇಕು. ಕ್ರಿಸ್‌ಮಸ್ಸಿಗೆ ಕೊಡೋಕೆ. ಸೊಂಟದ್ದು ಕೈತಪ್ಪಿದ್ರೆ ಇರ್ಲಿ ಅಂತ ಪೊಲೀಸರು ಕಾಲಿಗೆ ಕಟ್ಕೊಳ್ತಾರಂತಲ್ಲ, ಚಿಕ್ಕ ಪಿಸ್ತೂಲು. ಅದು."

ಹೋಬರ್ಟ್ ಏಕೆ ಎಂದು ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಲೊರೀನಳ ಮಗಳು, ಮೂವತ್ತೆರಡು ವರ್ಷದ ರೆನಾ, ಒಂಬತ್ತು ವರ್ಷದಿಂದ ಶೆರಿಫರ ಕಚೇರಿಯಲ್ಲಿ ಪೊಲೀಸ್ ಕೆಲಸದಲ್ಲಿದ್ದಳು. ಅಕ್ಟೋಬರಿನ ಒಂದು ಮಧ್ಯಾಹ್ನ ಚರಂಡಿಗೆ ಇಳಿದಿದ್ದ ಕಾರೊಂದನ್ನು ನೋಡಲು ನಿಲ್ಲಿಸಿದ್ದಳು. ಒಳಗಿದ್ದವನು ಮೈಮೇಲೆ ಪ್ರಜ್ಞೆಯಿಲ್ಲದವನಂತೆ ಅವಳ ಮೇಲೆ ಬಿದ್ದು ಸೊಂಟದ ಪಿಸ್ತೂಲಿಗೆ ಕೈ ಹಾಕಿದ. ಇನ್ನೊಬ್ಬ ಪೊಲೀಸ್ ಬರುವವರೆಗೆ ನಾಲ್ಕು ನಿಮಿಷ ಅವಳು ಅದನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ಕೆಸರಲ್ಲಿ ಹೊರಳಾಡಿದ್ದಳು. ಅವನು ಲೇನ್ ಮಲಿನ್ಸ್. ಹನ್ನೆರಡು ವರ್ಷ ಲೊರೀನಳ ಬಸ್ಸಿನಲ್ಲೇ ಶಾಲೆಗೆ ಹೋಗಿದ್ದ ಹುಡುಗ. ಈಗ ಜೈಲಿನಲ್ಲಿದ್ದ.

ಹೋಬರ್ಟ್ ಗಾಜಿನ ಪೆಟ್ಟಿಗೆಯಿಂದ ಎರಡನ್ನು ತೆಗೆದು, ಖಾಲಿಯಿದೆಯೆಂದು ತೆರೆದು ತೋರಿಸಿ, ಬಟ್ಟೆಯ ಮೇಲಿಟ್ಟ. ಒಂದು ತೆಳ್ಳಗೆ ಚಪ್ಪಟೆಯಾಗಿತ್ತು. ಇನ್ನೊಂದು ಐದು ಗುಂಡಿನ ಗಿಡ್ಡ ರಿವಾಲ್ವರ್. ಲೊರೀನ್ ಎರಡನ್ನೂ ಎತ್ತಿ ನೋಡಿ ಹಗುರವಾಗಿದ್ದ ಚಪ್ಪಟೆಯದನ್ನು ಮುಂದಕ್ಕೆ ತಳ್ಳಿದಳು.

"ಇದೇ ಇರ್ಲಿ. ಹೊತ್ಕೊಂಡು ತಿರುಗೋಕೆ ಸುಲಭ."

"ಹೊತ್ಕೊಳ್ಳೋಕೆ ಸುಲಭ ಆಗಿರೋದು ಹೊಡೆಯೋಕೆ ಕಷ್ಟ ಕಣಮ್ಮ. ಹಗುರ ಆದಷ್ಟೂ ಕೈಗೆ ಒದೆಯುತ್ತೆ. ಅವಳ ಕೈ ಎಷ್ಟು ದೊಡ್ಡದು? ಕಾಲಿಗೇ ಕಟ್ತಾಳೋ, ಎದೆಗೆ ಸಿಕ್ಕಿಸ್ತಾಳೋ?"

"ನಂಗೆ ಹೇಗೆ ಗೊತ್ತು ಹೋಬರ್ಟ್? ಅವಳು ಹೇಳಿದ್ರೆ ತಾನೆ."

"ಹಾಗಾದ್ರೆ ಅವಳ ಕೈಗವಸು ಒಂದು ತಗೊಂಡ್ ಬಾ. ಅಂದಾಜಾದ್ರೂ ಸಿಗುತ್ತೆ. ಇನ್ನೊಂದು ಮಾತು. ದುಡ್ಡು ನಿಂದೇ ತಾನೆ? ಅವಳ ದುಡ್ಡಲ್ಲಿ ನಿನ್ನ ಹೆಸರಿಗೆ ಕೊಂಡ್ರೆ ಕಾನೂನಲ್ಲಿ ಅಪರಾಧ, ನೀನೂ ಜೈಲಿಗೆ. ಉಡುಗೊರೆ ಅಂದ್ರೆ ಅಡ್ಡಿಯಿಲ್ಲ."

"ನಂದೇ ದುಡ್ಡು," ಎಂದಳು ಲೊರೀನ್. ಕಾಫಿ ಅರ್ಧದಲ್ಲೇ ಬಿಟ್ಟು ಎದ್ದಳು.

ಆ ವಾರ ರೆನಾಗೆ ರಾತ್ರಿ ಪಾಳಿ. ಹಗಲು ಮಲಗಿರುತ್ತಾಳೆಂದು ಲೊರೀನ್ ಸದ್ದಿಲ್ಲದೆ ಬೀಗ ತೆಗೆದು ಮಗಳ ಮನೆಯೊಳಗೆ ಹೋದಳು. ನಾಯಿ ಎದ್ದು ಬಂದು ಅವಳ ಕೈ ಮೂಸಿ ಮತ್ತೆ ಮಲಗಿತು. ಬಾಗಿಲ ಪಕ್ಕದ ಬೆಂಚಿನ ಮೇಲಿದ್ದ ಕೈಗವಸು ಎತ್ತಿಕೊಂಡಳು. ಅದರ ಪಕ್ಕದಲ್ಲಿ ಬೂಟು. ಬೂಟಿನ ಮೇಲೆ ಬೆವರಿಗೆ ಬಣ್ಣಗೆಟ್ಟ ಅಗಲವಾದ ಕಪ್ಪು ಪಟ್ಟಿ, ಅದರ ಚೀಲದಲ್ಲಿ ಚಪ್ಪಟೆಯಾದ ಚಿಕ್ಕ ಪಿಸ್ತೂಲು. ಹೋಬರ್ಟ್ ಆಗತಾನೆ ತೋರಿಸಿದ್ದರ ತದ್ರೂಪ.

ಲೊರೀನ್ ಅದರತ್ತ ಬಗ್ಗಿದಳು. ಹಿಂದಿನಿಂದ ಮಗಳ ದನಿ ಕೇಳಿಸಿತು.

"ಅಮ್ಮಾ? ಏನ್ ಮಾಡ್ತಿದೀಯ?"

ರೆನಾ ಕೆದರಿದ ತಲೆಯಲ್ಲಿ, ಬರಿಗಾಲಲ್ಲಿ ನಿಂತಿದ್ದಳು. ಎಡಗಾಲಿನ ಹರಡಿನ ಮೇಲೆ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ದಡ್ಡುಗಟ್ಟಿತ್ತು.

"ಇದು ಯಾವಾಗಿಂದ?"

"ಮೂರು ವರ್ಷ ಆಯ್ತು."

"ಅಕ್ಟೋಬರಲ್ಲೂ ಇತ್ತಾ?"

"ಇತ್ತು."

ಇಬ್ಬರೂ ಅಡುಗೆಮನೆಯ ಮೇಜಿಗೆ ಬಂದು ಕೂತರು. ರೆನಾ ಒಂದು ಬಟ್ಟಲಿಗೆ ಹಾಲು ಸುರಿದು, ಕುಡಿಯದೆ, ಮುಂದಿಟ್ಟುಕೊಂಡಳು.

"ಎರಡೂ ಕೈ ಸೊಂಟದ್ದರ ಮೇಲೇ ಇತ್ತು, ಕಾಲಿಂದು ಎಟುಕಲಿಲ್ಲ ಅಂತ ಕಚೇರಿಗೆ ಬರೆದುಕೊಟ್ಟಿದೀನಿ. ಪೂರ್ತಿ ಸುಳ್ಳೇನಲ್ಲ. ಆದ್ರೆ ಒಂದು ಗಳಿಗೆ ಎಟುಕಿತ್ತು ಅಮ್ಮ. ಮಂಡಿ ಮಡಚಿತ್ತು, ಬೆರಳು ಪಟ್ಟಿಗೆ ತಾಗಿತ್ತು. ಅವನು ಮುಖಕ್ಕೆ ಮುಖ ಹಚ್ಚಿ ಅಳ್ತಿದ್ದ. 'ರೆನಾ, ಕೊಡೇ, ನಂಗೆ ಸಾಕಾಗಿದೆ, ಕೊಟ್ಬಿಡೇ' ಅಂತ. ಅವನಿಗೇ ಹೊಡ್ಕೊಳ್ಳೋಕೆ ಕೇಳ್ತಿದ್ನೋ, ನಂಗೆ ಹೊಡೆಯೋಕೋ, ಇವತ್ತಿಗೂ ಗೊತ್ತಿಲ್ಲ. ಕೈ ವಾಪಸ್ ತಗೊಂಡೆ."

ಲೊರೀನಳಿಗೆ ಮಗಳನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಕೆನ್ನೆಗೆ ಒಂದು ಬಿಗಿಯಬೇಕೆಂದೂ ಅನ್ನಿಸಿತು. ಎರಡಕ್ಕೂ ತ್ರಾಣವಿರಲಿಲ್ಲ.

"ಅವನು ಕಿತ್ಕೊಂಡಿದ್ರೆ?"

"ಕಿತ್ಕೊಳ್ಳಲಿಲ್ಲವಲ್ಲ."

"ಕಿತ್ಕೊಂಡಿದ್ರೆ ಅಂತ ಕೇಳ್ದೆ ಕಣೇ."

"ಅದನ್ನೇ ಯೋಚಿಸ್ತಾ ಎರಡು ತಿಂಗಳಾಯ್ತು. ಇಬ್ಬರ ಪಾಲಿಂದೂ ನಾನೇ ಯೋಚಿಸ್ತಿದೀನಿ, ನೀನು ಬೇರೆ ಶುರು ಮಾಡ್ಬೇಡ."

"ಕೆಲಸ ಬಿಡು."

"ಬಿಟ್ಟು? ಬಸ್ಸು ಓಡಿಸ್ಲಾ?"

"ಓಡಿಸು. ಸೊಂಟ ಹೋಗುತ್ತೆ, ಜೀವ ಉಳಿಯುತ್ತೆ."

ರೆನಾ ಸಣ್ಣಗೆ ನಕ್ಕಳು. ಆಮೇಲೆ ಅಮ್ಮನ ಮಡಿಲಲ್ಲಿ ತನ್ನ ಕೈಗವಸು ಇದ್ದದ್ದು ಅವಳ ಕಣ್ಣಿಗೆ ಬಿತ್ತು. ಅದೇಕೆಂದು ಕೇಳಿದಳು. ಲೊರೀನ್ ಮುಚ್ಚಿಡದೆ ಹೇಳಿದಳು. ಹೋಬರ್ಟನ ಅಂಗಡಿ, ಕುರ್ಚಿ, ಬಟ್ಟೆಯ ಮೇಲಿಟ್ಟ ಎರಡು ಪಿಸ್ತೂಲು, ಎಲ್ಲವನ್ನೂ. ರೆನಾ ಕೇಳುತ್ತಾ ಕೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬೇರೆಯವರ ಅಮ್ಮಂದಿರು ಸ್ವೆಟರ್ ತರ್ತಾರಮ್ಮ."

"ಸ್ವೆಟರ್ ಹಿಡ್ಕೊಂಡು ಏನ್ ಮಾಡ್ತೀಯ ಚರಂಡೀಲಿ?"

ನಗು ನಿಂತಿತು. ರೆನಾ ಹಾಲಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ತಂದ್ಕೊಡೋ ಹಾಗಿದ್ರೆ ಆ ರಿವಾಲ್ವರ್ ತಂದ್ಕೊಡು," ಎಂದಳು. "ಚಳಿಗಾಲದಲ್ಲಿ ಕೋಟಿನ ಜೇಬಲ್ಲಿ ಇಟ್ಕೋಬಹುದು. ಕಾಲಿನ ತನಕ ಬಗ್ಗಬೇಕಾಗಿಲ್ಲ. ಮುಂದಿನ ಸಲ ಸಿಗೋನು ಲೇನ್ ಆಗಿರಲ್ಲ."

ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಇಬ್ಬರೂ ಕೂಡಿಯೇ ಅಂಗಡಿಗೆ ಹೋದರು. ರೆನಾ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು, ಕಣ್ಣು ಕೆಂಪಗಿತ್ತು.

"ಏನ್ ತಾತ, ನಮ್ಮಮ್ಮನಿಗೆ ಹಗುರ ನೋಡಿ ಮಾರೋಕೆ ಹೊರಟಿದ್ರಂತೆ."

"ನಾನಲ್ಲ ಮಾರಾಯ್ತಿ. ಅವಳು ಕುಂಬಳಕಾಯಿ ಆರಿಸೋ ಹಾಗೆ ಎತ್ತೆತ್ತಿ ನೋಡ್ತಿದ್ಳು," ಎಂದ ಹೋಬರ್ಟ್.

ರೆನಾ ಖಾಲಿ ರಿವಾಲ್ವರನ್ನು ಕೋಟಿನ ಜೇಬಿಗೆ ಹಾಕಿ ತೆಗೆದಳು, ಹಾಕಿ ತೆಗೆದಳು. ಮೊದಲನೆಯದರ ಬೆನ್ನಿಗೆ ಚಾಚಿದ್ದ, ಗುಂಡಿಗೆ ಬಡಿಯುವ ಕುದುರೆ ಜೇಬಿನ ಅಂಚಿಗೆ ಸಿಕ್ಕಿಕೊಂಡಿತು. ಹೋಬರ್ಟ್ ಕುದುರೆ ಹೊರಗೆ ಚಾಚಿರದ ಇನ್ನೊಂದನ್ನು ಕೊಟ್ಟ. ಅದು ಸ್ವಲ್ಪ ಭಾರ. ಅವಳು ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರಿಗೆ ಗುರಿಯಿಟ್ಟು ಟ್ರಿಗರ್ ಎಳೆಯುವಾಗ ಲೊರೀನ್ ಅವಳ ಮುಖ ನೋಡಿದಳು. ನಗೆಯಿಲ್ಲ, ಸಿಟ್ಟಿಲ್ಲ. ಬಾಗಿಲ ಬೋಲ್ಟು ಹಾಕಿದೆಯೋ ಇಲ್ಲವೋ ನೋಡುವವರ ಮುಖ.

"ಇದು ಸರಿ," ಎಂದಳು ರೆನಾ.

ಲೊರೀನ್ ಕನ್ನಡಕ ಹಾಕಿಕೊಂಡು ಅರ್ಜಿ ತುಂಬಿದಳು. ಹುಚ್ಚಾಸ್ಪತ್ರೆಗೆ ಸೇರಿದ್ದೆಯಾ, ಯಾರನ್ನಾದರೂ ಹೊಡೆದು ಶಿಕ್ಷೆಯಾಗಿದೆಯಾ ಎಂದೆಲ್ಲ ಅದು ಕೇಳುತ್ತಿತ್ತು. ಇಲ್ಲ, ಇಲ್ಲ, ಇಲ್ಲ ಎಂದು ಗುರುತು ಹಾಕುತ್ತಾ ಹೋದಳು. ಹೋಬರ್ಟ್ ಫೋನಿನಲ್ಲಿ ಅವಳ ಹೆಸರು ಹೇಳಿ ಸರ್ಕಾರದ ಒಪ್ಪಿಗೆಗೆ ಕಾಯುತ್ತಿದ್ದ.

"ನೀವೂ ಕಾಲಿಗೆ ಕಟ್ಕೊಂಡಿದ್ರಾ ಹೋಬರ್ಟ್?" ಎಂದಳು ಲೊರೀನ್.

"ಮೂವತ್ತೊಂದು ವರ್ಷ ಕಟ್ಕೊಂಡಿದ್ದೆ. ಒಂದ್ಸಲಾನೂ ಯಾರ ಮೇಲೂ ಎತ್ತಲಿಲ್ಲ." ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಬಿಚ್ಚಿಟ್ಟ ಮೇಲೂ ಎರಡು ವರ್ಷ ಕುಂಟ್ತಾನೇ ಇದ್ದೆ."

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಚರ್ಚಿನಲ್ಲಿ ಹಾಡು ಮುಗಿದು ಜನ ಕೋಟು ಹುಡುಕಿಕೊಳ್ಳುತ್ತಿದ್ದರು. ಲೇನನ ತಾಯಿ ಓಮಾ ಮಲಿನ್ಸ್ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಲೊರೀನಳ ಹತ್ತಿರ ಬಂದಳು. ಅಕ್ಟೋಬರಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ದಾರಿ ಬದಲಿಸಿ ನಡೆಯುತ್ತಿದ್ದರು. ಓಮಾ ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಲೇನ್ ಹೇಳ್ದ," ಎಂದಳು ಮೆಲ್ಲಗೆ. "ನಿನ್ನ ಮಗಳ ಕೈ ಕಾಲಿನ ಹತ್ರ ಹೋಗಿತ್ತಂತೆ. ಅಲ್ಲೊಂದಿದೆ ಅಂತ ಅವನಿಗೂ ಗೊತ್ತಾಯ್ತಂತೆ. ಆಮೇಲೆ ಕೈ ಖಾಲೀನೇ ವಾಪಸ್ ಬಂತಂತೆ. ವಕೀಲನಿಗೂ ಹೇಳಿಲ್ಲ ಅವನು, ನಂಗೆ ಹೇಳ್ದ. ಅವಳ ಎದುರಿಗೆ ನಿಲ್ಲೋಕೆ ಮುಖ ಇಲ್ಲ ನಂಗೆ. ನೀನು ಹೇಳ್ತೀಯಾ?"

"ಏನಂತ ಹೇಳ್ಲಿ ಓಮಾ?"

ಲೊರೀನ್ ಅವಳ ಕೈ ಹಿಡಿದುಕೊಂಡಳು. ಆ ಕೈ ಮಂಜಿನ ಹಾಗೆ ತಣ್ಣಗಿತ್ತು. ನಿನ್ನ ಮಗನಂಥ ಇನ್ನೊಬ್ಬನಿಗೆಂದು ನಾನೇ ಮೊನ್ನೆ ಮಗಳ ಜೇಬಿಗೆ ಒಂದನ್ನು ಹಾಕಿಕೊಟ್ಟೆ ಎಂದು ಇವಳಿಗೆ ಹೇಳುವುದು ಹೇಗೆ? ಹೇಳಲಿಲ್ಲ. "ಹೇಳ್ತೀನಿ," ಎಂದಳು ಅಷ್ಟೇ. ದೀಪ ಆರಿಸುವವರೆಗೂ ಇಬ್ಬರೂ ಹಾಗೇ ಕೈಹಿಡಿದು ನಿಂತಿದ್ದರು.

ಹಬ್ಬದ ದಿನ ರೆನಾ ಮಧ್ಯಾಹ್ನ ಮೂರರವರೆಗೆ ಕೆಲಸದಲ್ಲಿದ್ದು ಅಮ್ಮನ ಮನೆಗೆ ಊಟಕ್ಕೆ ಬಂದಳು. ಹಂದಿಮಾಂಸ, ಬೀನ್ಸು, ಜೋಳದ ರೊಟ್ಟಿಯನ್ನು ತಿನ್ನತೊಡಗಿದಳು. ಓಮಾ ಹೇಳಿದ್ದನ್ನು ಲೊರೀನ್ ಹೇಳಿದಳು. ರೆನಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅವನು ನೋಡಿದ್ದ ಅಂತ ಗೊತ್ತಿರ್ಲಿಲ್ಲ," ಎಂದಳು. ಮತ್ತೆ ರೊಟ್ಟಿ ಮುರಿಯುತ್ತಾ, "ಕೋರ್ಟಿನ ಕಾವಲಿಗೆ ಹಾಕಿ ಅಂತ ಬರೆದುಕೊಟ್ಟಿದೀನಿ ಅಮ್ಮ. ಮಾರ್ಚಲ್ಲಿ ಸಿಗಬಹುದು, ಸಿಗದೇನೂ ಇರಬಹುದು," ಎಂದಳು.

"ಸಿಗ್ಲಿ," ಎಂದಳು ಲೊರೀನ್.

ಊಟ ಮುಗಿಸಿದ ರೆನಾ ಕುರ್ಚಿಯಲ್ಲೇ, ಬೂಟು ಸಹ ಬಿಚ್ಚದೆ, ನಿದ್ದೆ ಹೋದಳು. ಬೆನ್ನಿಗೆ ಆನಿಸಿದ್ದ ಕೋಟು ನೆಲಕ್ಕೆ ಜಾರುವಂತಿತ್ತು. ಲೊರೀನ್ ಅದನ್ನು ಮೆಲ್ಲಗೆ ಎಳೆದುಕೊಂಡು ಗೂಟಕ್ಕೆ ಹಾಕಿದಳು. ಬಲಜೇಬಿನ ಭಾರಕ್ಕೆ ಕೋಟು ಒಂದು ಕಡೆ ವಾಲಿತು. ಒಮ್ಮೆ ಸರಿಮಾಡಿ ನೋಡಿದಳು, ಮತ್ತೆ ವಾಲಿತು. ಹಾಗೇ ಬಿಟ್ಟು, ಮಗಳ ಪಾದದ ಬಳಿ ಸೊಂಟ ಹಿಡಿದುಕೊಂಡು ಕುಕ್ಕರಿಸಿ, ಅವಳ ಬೂಟಿನ ದಾರ ಬಿಚ್ಚತೊಡಗಿದಳು.