ಉತ್ತರಕ್ಕಾಗಿ ಎದುರು ನೋಡುವ ಕಚೇರಿ

ವಿಮಾ ಕಂಪನಿಯೊಂದರ ಪರವಾಗಿ ಇ-ಮೇಲ್ ಬರೆಯುವ ಆ ಕಚೇರಿಯಲ್ಲಿ ಇಂಗ್ಲಿಷ್ ತಿದ್ದುವ ಮೇಷ್ಟ್ರಿಗೆ ಹುಡುಗಿಯರು ‘ಹಿಯರಿಂಗ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಹಿಯರ್’ ಎಂದು ಬರೆದವರ ಚರ್ಮ ಸುಲಿಯುತ್ತಿದ್ದರು. ‘ಹಿಯರಿಂಗ್’ ಎಂದೇ ಬರಬೇಕು. ಅದಕ್ಕಿಂತ ದೊಡ್ಡ ಪಾಠ ಬೇರೆಯಿತ್ತು. ಹಣ ಕೊಡುವ ಮನಸ್ಸಿದ್ದ ಅರ್ಜಿಗೆ ‘ಎಕ್ಸ್‌ಪೆಕ್ಟ್’: ಇಂಥ ದಾಖಲೆಯನ್ನು ನಿರೀಕ್ಷಿಸುತ್ತೇವೆ. ಕೊಡುವುದಿಲ್ಲವೆಂದು ಮೇಲಿನವರು ಮೊದಲೇ ತೀರ್ಮಾನಿಸಿದ್ದಕ್ಕೆ ‘ಲುಕ್ ಫಾರ್ವರ್ಡ್’: ನಿಮ್ಮ ಉತ್ತರಕ್ಕಾಗಿ ಎದುರು ನೋಡುತ್ತೇವೆ. ಕಳಿಸಿದ ಕ್ಷಣವೇ ಕಡತ ಮುಚ್ಚುತ್ತಿತ್ತು. ಉತ್ತರ ಬಂದರೆ ಓದಲು ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲ ಎಂದರೆ ಜನ ಕೋರ್ಟಿಗೆ ಹೋಗುತ್ತಾರೆ, ಕಾಯಿಸಿದರೆ ಸುಸ್ತಾಗುತ್ತಾರೆ ಎಂದು ಮೇಷ್ಟ್ರು ನಗುತ್ತ ಹೇಳಿಕೊಟ್ಟಿದ್ದರು. ಕಾಯಿಲೆ ಬಿದ್ದ ಅಕ್ಕನನ್ನು ಮನೆಯಲ್ಲಿ ಬಿಟ್ಟು ಅಲ್ಲಿ ಕೆಲಸಕ್ಕೆ ಬರುತ್ತಿದ್ದ ತಂಗಿಯೂ ನಕ್ಕಿದ್ದಳು. ಸಂಬಳ ಬರುವ ಕಡೆ ನಗು ತಾನಾಗಿ ಬರುತ್ತದೆ.

ಆ ಸಂಜೆ ಮನೆಗೆ ಬಂದರೆ ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಹೃದಯದ ಕವಾಟ ಬದಲಿಸದಿದ್ದರೆ ಈ ವರ್ಷ ದಾಟುವುದಿಲ್ಲವೆಂದು ವೈದ್ಯರು ಹೇಳಿದ್ದರು. ಪಾಲಿಸಿ ಅದೇ ಕಂಪನಿಯದು, ಆಪರೇಷನ್ನಿನ ಹಣಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಂದ ಬಂದ ಇ-ಮೇಲನ್ನು ಪಕ್ಕದ ಮನೆಯವಳಿಂದ ಓದಿಸಿಕೊಂಡಿದ್ದ ಅಕ್ಕ ಮೊಬೈಲ್ ಚಾಚಿದಳು.

‘ನೋಡೇ, ನನ್ನ ಉತ್ತರಕ್ಕೆ ಎದುರು ನೋಡ್ತಾ ಇದಾರಂತೆ. ನಿಮ್ಮ ಭಾವ ಇದ್ದಾಗ್ಲೂ ನಂಗೆ ಯಾರೂ ಇಷ್ಟು ಕಾದಿರ್ಲಿಲ್ಲ. ಚೆನ್ನಾಗಿ ಒಂದು ಉತ್ತರ ಬರ್ಕೊಡು.’

ತಂಗಿ ಓದಿದಳು. ಇಂಗ್ಲಿಷಿನ ಒಂದು ಕೂದಲೂ ಕೊಂಕಿರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ, ಹೇಳದೆ ವಿಧಿಯಿರಲಿಲ್ಲ. ಹೇಳಿದಳು.

‘ನೀನೂ ಹೀಗೇ ಬರೀತೀಯೇನೇ?’

‘ಹೂಂ.’

‘ಎಷ್ಟು ಜನಕ್ಕೆ?’



ಬೆಳಗ್ಗೆ ಬಾಡಿಗೆ ಕಾರು ತರಿಸಿ ಅಕ್ಕನನ್ನು ಕೂರಿಸಿಕೊಂಡು ಹೊರಟಳು. ಕಚೇರಿಗೆ ಬೋರ್ಡಿರಲಿಲ್ಲ, ವಿಳಾಸವನ್ನು ಯಾವ ಇ-ಮೇಲಿನಲ್ಲೂ ಹಾಕುತ್ತಿರಲಿಲ್ಲ. ಅರ್ಜಿದಾರರೊಬ್ಬರು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಕ್ಕನನ್ನು ತನ್ನ ಕುರ್ಚಿಯಲ್ಲೇ ಕೂರಿಸಿದಳು. ಮೇಷ್ಟ್ರು ಓಡಿ ಬಂದರು.

‘ಮನೆಯವರನ್ನ ಕರ್ಕೊಂಡು ಬರೋ ಜಾಗ ಅಲ್ಲಮ್ಮ ಇದು. ಕೆಲಸ ಹೋಗುತ್ತೆ.’

‘ಹೋಗ್ಲಿ ಸಾರ್. ಇವಳ ಫೈಲ್ ತೆಗೀರಿ.’

ಮುಚ್ಚಿದ್ದನ್ನು ತೆರೆಯುವ ಅಧಿಕಾರ ತನಗಿಲ್ಲ, ಇರುವವರ ನಂಬರೂ ತನಗೆ ಗೊತ್ತಿಲ್ಲ ಎಂದರು. ಅದು ಸುಳ್ಳಾಗಿರಲಿಲ್ಲ, ಅವರ ಮುಖವೂ ಬಿಳಿಚಿಕೊಂಡಿತ್ತು. ಅಕ್ಕ ಏದುಸಿರು ಬಿಡುತ್ತ ಮೇಜಿನ ಅಂಚು ಹಿಡಿದುಕೊಂಡಳು. ಪಕ್ಕದ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿ ನೀರು ತಂದಿಟ್ಟಳು. ಅವಳ ಹಿಂದಿನ ಸಾಲಿನಲ್ಲೂ ಕೈಗಳು ನಿಂತವು.

ಮೇಷ್ಟ್ರು ಫೋನೆತ್ತಿ ಕಾವಲಿನವರನ್ನು ಕರೆದರು. ತಂಗಿ ಕುರ್ಚಿಯ ಮುಂದೆ ಬಂದು, ಬಾಗಿಲಿಗೆ ಮುಖ ಮಾಡಿ ನಿಂತಳು.