ಪೂರ್ತಿ ಒತ್ತಿದ ಪೆಡಲು

ಅಕ್ಕ ಓಡಿಸುವವಳು, ತಮ್ಮ ರಿಪೇರಿಯವನು. ನೇರ ರಸ್ತೆಯಲ್ಲಿ ಎರಡೇ ಕಾರು ಅಕ್ಕಪಕ್ಕ ನಿಂತು, ಹಸಿರು ದೀಪ ಬಿದ್ದೊಡನೆ ಹೊರಟು, ನೋಡುವವರು ಉಸಿರು ಬಿಡುವಷ್ಟರಲ್ಲಿ ಮುಗಿದುಹೋಗುವ ಡ್ರ್ಯಾಗ್ ರೇಸು ಅವರದು. ಅಷ್ಟಕ್ಕಾಗಿ ವರ್ಷವಿಡೀ ಮೈಗೆ ಗ್ರೀಸು ಮೆತ್ತಿಕೊಳ್ಳುವವರನ್ನು ಹುಚ್ಚರೆನ್ನದೆ ಏನೆನ್ನಬೇಕು?

ಪ್ರತಿ ರೇಸಿಗೆ ಮೊದಲು ಇಬ್ಬರದೂ ಒಂದು ಕ್ರಮ. ಇಂಜಿನ್ ಆರಿಸಿ, ಅಕ್ಕ ಒಳಗೆ ಕೂತು ಆಕ್ಸಿಲರೇಟರ್ ಪೆಡಲನ್ನು ತಳ ಮುಟ್ಟುವಂತೆ ಒತ್ತುವಳು. ತಮ್ಮ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಬಗ್ಗಿ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ತೆರೆಯಿತೇ ಎಂದು ನೋಡಿ "ಪೂರ್ತಿ!" ಎಂದು ಕೂಗುವನು. ಆ ಕೂಗು ಕೇಳದೆ ಅಕ್ಕ ಹೆಲ್ಮೆಟ್ ಹಾಕಿದವಳಲ್ಲ.

ಆದರೆ ತಮ್ಮನ ಬಾಯಿಗೆ ಬೀಗವಿಲ್ಲ. ಟೈರ್ ಅಂಗಡಿಯಲ್ಲಿ ಯಾರೋ ಅಕ್ಕನನ್ನು ಹೊಗಳಿದಾಗ, "ಗೆಲ್ಲೋದು ಕಾರು. ನಮ್ಮಕ್ಕ ಸುಮ್ನೆ ಕೂತಿರ್ತಾಳೆ," ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅಕ್ಕನ ಕಿವಿಗೆ ಬಿದ್ದು ಅವಳು ಮಾತು ಬಿಟ್ಟಳು. ತಪ್ಪಾಯಿತು ಎನ್ನಲು ಇವನಿಗೂ ನಾಲಿಗೆ ಏಳಲಿಲ್ಲ.

ಮುಂದಿನ ರೇಸೇ ಆ ರಸ್ತೆಯ ಕೊನೆಯ ರೇಸು. ಆಮೇಲೆ ಅಲ್ಲಿ ಗೋದಾಮು ಏಳಲಿತ್ತು. ಅದೊಂದನ್ನು ಗೆದ್ದು ರೇಸು ಓಡಿಸುವುದನ್ನು ನಿಲ್ಲಿಸಬೇಕೆಂಬುದು ಅಕ್ಕನ ಬಹುದಿನದ ಆಸೆ. ಪೆಡಲ್ ಒತ್ತಿದಾಗ ಥ್ರಾಟಲ್ ಬಾಗಿಲನ್ನು ಎಳೆದು ತೆರೆಯುವ ಕೇಬಲ್ಲನ್ನು ತಮ್ಮ ಹೊಸದು ಹಾಕಿದ. ಪೆಡಲ್ ಒತ್ತು ಬಾ ಎಂದು ಅಕ್ಕನನ್ನು ಕರೆಯಬೇಕಲ್ಲ! ಜಂಬ ಬಿಡಲಿಲ್ಲ. ಇಂಜಿನ್ ಬಳಿಯೇ ನಿಂತು ಬಾಗಿಲನ್ನು ಕೈಯಲ್ಲೇ ಎಳೆದು ನೋಡಿದ. ಪೂರ್ತಿ ತೆರೆಯಿತು. ಸಾಕು ಎಂದುಕೊಂಡ.

ಆ ದಿನ ಕೂಗು ಕೇಳದೆಯೇ ಹೆಲ್ಮೆಟ್ ಹಾಕಿದ ಅಕ್ಕ ಕೂದಲೆಳೆಯ ಅಂತರದಲ್ಲಿ ಸೋತಳು. "ವಯಸ್ಸಾಯ್ತು, ಕಾಲಲ್ಲಿ ಕಸುವಿಲ್ಲ," ಎಂದು ಎಲ್ಲರಿಗೂ ಹೇಳಿ ಹೆಲ್ಮೆಟ್ಟನ್ನು ಅಟ್ಟಕ್ಕೆ ಹಾಕಿದಳು.

ಕಾರು ಮಾರಾಟಕ್ಕೆ ಬಂತು. ಕೊಳ್ಳಲು ಬಂದವನು ತಮ್ಮನಿಗೇ ಪೆಡಲ್ ಒತ್ತಲು ಹೇಳಿ, ಬಾನೆಟ್ಟಿನೊಳಗೆ ಇಣುಕಿ, "ಪೂರ್ತಿ ತೆರೀತಿಲ್ವಲ್ಲ ಇದು?" ಎಂದ. ತಮ್ಮ ಇಳಿದು ಬಂದು ಕೇಬಲ್ ಎಳೆದು ನೋಡಿದ. ಹೊಸ ಕೇಬಲ್ ಸಡಿಲವಾಗಿತ್ತು. ಪೆಡಲು ತಳ ಮುಟ್ಟಿದರೂ ಬಾಗಿಲು ಮುಕ್ಕಾಲಷ್ಟೇ ತೆರೆಯುತ್ತಿತ್ತು. ಅಕ್ಕನನ್ನು ಸೋಲಿಸಿದ್ದು ಅವಳ ಕಾಲಲ್ಲ, ತನ್ನ ಕೈ.

ನೇರ ಅಕ್ಕನ ಅಡುಗೆಮನೆಗೆ ಹೋಗಿ ನಿಂತ. "ಅಕ್ಕಾ, ತಪ್ಪಾಯ್ತು. ಕೇಬಲ್ ಸಡಿಲ ಇತ್ತು. ನಿನ್ನ ಕಾಲು ಸರಿಯಾಗೇ ಇದೆ."

ಅಕ್ಕ ಪಾತ್ರೆ ತೊಳೆಯುತ್ತಲೇ ಇದ್ದಳು. "ಗೊತ್ತು. ಅವತ್ತು ಕೂತ ತಕ್ಷಣ ಒತ್ತಿ ನೋಡ್ದೆ. ಸಡಿಲ ಅನ್ನಿಸ್ತು."

"ಮತ್ತೆ ನನ್ನ ಕರೀಬಾರ್ದಿತ್ತಾ?"

"ಕರೆಯೋಣ ಅಂತ ಬಾಯಿ ತೆಗ್ದೆ ಕಣೋ. ನೀನೇ ಮೊದ್ಲು ಮಾತಾಡ್ಲಿ ಅನ್ನಿಸ್ತು."

ಒಂದೇ ಒಂದು ಮಾತು ಸಾಕಿತ್ತು.

ಮಾರನೆಯ ಬೆಳಿಗ್ಗೆ ಕಾರು ಒಯ್ಯುವ ಲಾರಿ ಬರುವ ಮೊದಲೇ ತಮ್ಮ ಕೇಬಲ್ ಬಿಗಿ ಮಾಡಿದ. ಕರೆಯದೆಯೇ ಬಂದ ಅಕ್ಕ ಒಳಗೆ ಕೂತು ಪೆಡಲ್ ಒತ್ತಿದಳು. ಅವನು ಟಾರ್ಚ್ ಹಿಡಿದು ಬಗ್ಗಿದ.

"ಪೂರ್ತಿ!" ಎಂದು ಕೂಗಿದ.

ಅಕ್ಕ ಕಾಲು ತೆಗೆಯಲಿಲ್ಲ. ಲಾರಿಯವನು ಬಂದು ಹಾರನ್ ಹೊಡೆಯುವ ತನಕ ಒತ್ತಿಕೊಂಡೇ ಕೂತಿದ್ದಳು.