ಹಸಿರು ಅಕ್ಷರದ ಮಾನಿಟರ್

ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ಚನ್ನವೀರೇಶನಿಗೆ ಹೆಂಡತಿ ಬಸವರಾಜೇಶ್ವರಿಯೊಡನೆ ಮಾತಾಡಲು ಉಳಿದದ್ದು ಒಂದೇ ದಾರಿ: ಚಂದ್ರಾ ಲೇಔಟಿನ ಮನೆಯಲ್ಲಿದ್ದ ಓಬೀರಾಯನ ಕಾಲದ ಕಂಪ್ಯೂಟರ್. ಮುಖ, ಕತ್ತು ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ. ಆದರೆ ರಾಜಾಜಿನಗರದ ಪ್ರೆಸ್ಸಿಗೆಂದು ಅದರಲ್ಲೇ ಲಗ್ನಪತ್ರಿಕೆ ಕುಟ್ಟುತ್ತಾ ಬಾಳು ಸವೆಸಿದವನು. ಬಲಗೈ ಬಿದ್ದುಹೋದರೂ ಎಡಗೈಗೆ ಆ ಕೀಲಿಮಣೆ ಮರೆತಿರಲಿಲ್ಲ. ಪಕ್ಕದ ಮನೆಯ ಲೆಕ್ಚರರ್ ಅಭಿನವ್ ತಂದುಕೊಟ್ಟ ಟ್ಯಾಬ್ ನಡುಗುವ ಬೆರಳಿಗೆ ಒಗ್ಗಲಿಲ್ಲ, ಪೆನ್ನೂ ನಿಲ್ಲಲಿಲ್ಲ. ಈ ಮುದಿ ಮಾನಿಟರಿನಲ್ಲಿ ಮಾತ್ರ 'ಉಪ್ಪು ಕಮ್ಮಿ', 'ಫ್ಯಾನ್ ಹಾಕು', ಒಮ್ಮೊಮ್ಮೆ 'ಹತ್ತಿರ ಕೂತ್ಕೊ' ಎಂದು ಹಸಿರು ಅಕ್ಷರಗಳು ಮೂಡುತ್ತಿದ್ದವು.

ಆಯುಧಪೂಜೆ ಬಂತು. ಪ್ರತಿ ವರ್ಷ ವೈರುಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಸೇರಿಸುತ್ತಿದ್ದವನು ಅವನೇ. ಬೇರೆಯವರ ಕೈ ಸೋಕಿದರೆ ರಂಪ ಮಾಡುತ್ತಿದ್ದ, ಮಹಾರಾಯ. ಹಾಗಾಗಿ ಯಾರೂ ಕಲಿಯಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಮಾನಿಟರಿಗೆ ಚಿತ್ರ ಕಳಿಸುವ ಎರಡು ಕಾರ್ಡುಗಳಿದ್ದವು: ಒಂದು ಈ ಹಸಿರು ಮಾನಿಟರಿಗೆ, ಇನ್ನೊಂದು ಎಂದೋ ಗುಜರಿಗೆ ಹೋದ ಬಣ್ಣದ ಮಾನಿಟರಿಗೆ. ಹಿಂಬದಿಯ ತೂತುಗಳು ಮಾತ್ರ ಅವಳಿಜವಳಿ. ಬಣ್ಣದ ಕಾರ್ಡಿಗೆ ಹಸಿರು ಮಾನಿಟರ್ ಸಿಕ್ಕಿಸಿದರೆ ಅದು ಸುಟ್ಟೇ ಹೋಗುತ್ತದೆಂಬುದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತು. ಬೇಡದ ಕಾರ್ಡನ್ನು ಕಿತ್ತುಹಾಕಬೇಕು ಎಂದುಕೊಳ್ಳುತ್ತಲೇ ಕಾಲ ತಳ್ಳಿದ್ದ.

ಈ ಸಲ ಗಂಡನಿಗೆ ಖುಷಿಯಾಗಲೆಂದು ಬಸವರಾಜೇಶ್ವರಿಯೇ ಎಲ್ಲ ಬಿಚ್ಚಿ ಒರೆಸಿದಳು. ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದಳು. ಆಮೇಲೆ ಮಾನಿಟರಿನ ವೈರು ಎತ್ತಿಕೊಂಡು ಬಣ್ಣದ ಕಾರ್ಡಿನ ತೂತಿಗೆ ಹಿಡಿದಳು.

ಮಂಚದಿಂದಲೇ ಅದನ್ನು ಕಂಡ ಚನ್ನವೀರೇಶನ ಗಂಟಲಲ್ಲಿ ಗೊರಗೊರ ಸದ್ದು ಹೊರಟಿತು. ಎಡಗೈಯಿಂದ ಮಂಚದ ಪಟ್ಟಿ ಬಡಿದ, ಬಡಿದ.

"ಆಯ್ತು ಕಣ್ರೀ, ಎಷ್ಟ್ ಅವಸರ ನಿಮ್ಗೆ! ನೋಡಿ, ಸರಿಯಾಗಿ ಕೂತ್ಕೊಳ್ತು," ಎಂದು ನಗುತ್ತಾ ಆರತಿ ಎತ್ತಿ ಸ್ವಿಚ್ ಒತ್ತಿದಳು.

ಮಾನಿಟರ್ ಕೀರಲು ದನಿಯಲ್ಲಿ ಸೀಟಿ ಹೊಡೆಯಿತು. ಅದರ ಹಿಂದಿನಿಂದ ಎದ್ದ ಹೊಗೆಯನ್ನು ಊದುಬತ್ತಿಯದೆಂದುಕೊಂಡು ಅವಳು ಕೈಮುಗಿದೇ ನಿಂತಿದ್ದಳು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಚೀರಿ ಸ್ವಿಚ್ ಆರಿಸಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಭಿನವ್ ಬಂದು, ನೆಟ್ಟಿನಲ್ಲಿ ಹುಡುಕಿ, ವೈರನ್ನು ಸರಿಯಾದ ಕಾರ್ಡಿಗೆ ಹಾಕಿ ನೋಡಿದ. ಗಾಜು ಕಪ್ಪಗೇ ಇತ್ತು.

"ಕನೆಕ್ಷನ್ ತಪ್ಪಾಗಿತ್ತು ಆಂಟಿ. ಒಳಗಡೆ ಸುಟ್ಟೋಗಿದೆ. ಇಂಥದ್ದು ಈಗ ಹಳೇ ಕಂಪ್ಯೂಟರ್ ಸಾಮಾನು ಮಾರೋ ಎಸ್‌ಪಿ ರೋಡಲ್ಲೂ ಸಿಗಲ್ಲ," ಎಂದು ತಲೆತಗ್ಗಿಸಿ ಹೋದ.

ಚನ್ನವೀರೇಶ ಕೈಸನ್ನೆ ಮಾಡಿದ; ಅವಳು ಅವನನ್ನು ಕುರ್ಚಿಗೆ ಕೂರಿಸಿದಳು. ಆ ಕಪ್ಪು ಗಾಜಿನೆದುರು ಕೀಲಿಮಣೆ ಕುಟ್ಟತೊಡಗಿದ. ಮೊದಲು ಬರೀ ಬೈಗುಳ, ಇಷ್ಟು ವರ್ಷದ ಸಂಸಾರದಲ್ಲಿ ಬಾಯಿಗೆ ಬಾರದಂಥವು. ಅವು ಮೂಡದೆ ಹೋದದ್ದೇ ಪುಣ್ಯ. ಸಿಟ್ಟಿಳಿದು ಅವಳ ಬಾಡಿದ ಮುಖ ನೋಡಿದ. ನಿಧಾನವಾಗಿ ಒತ್ತಿದ: ನಿನ್ನ ತಪ್ಪಲ್ಲ. ಮತ್ತೆ ಒತ್ತಿದ: ನಿನ್ನ ತಪ್ಪಲ್ಲ.

ಬಸವರಾಜೇಶ್ವರಿ ಅವನ ಕಾಲ ಬಳಿ ಕುಸಿದು ಕುಳಿತಳು. "ಬೈರಿ," ಎಂದಳು. "ಎಷ್ಟ್ ಬೈಬೇಕೋ ಬೈರಿ. ನಾನ್ ಮಾಡಿರೋದೇ ಅಂಥಾದ್ದು."

ತಲೆ ಸವರಲೆಂದು ಅವನು ಎಡಗೈ ಎತ್ತಿದ. ಹೊಡೆಯಲು ಬಂದನೆಂದುಕೊಂಡು ಅವಳು ಕಣ್ಣು ಮುಚ್ಚಿ ತಲೆಯೊಡ್ಡಿದಳು.